ಎರಡನೆಯ ಕೂ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಈಗಲೂ ಅಲ್ಲವೆಂದೇ ಅಂದುಕೊಂಡಿದ್ದೇನೆ. ಯಾರಾದರೂ ಮನೆಗೆ ಬಂದು, ಹಿತ್ತಿಲಲ್ಲಿ ಯಾರೋ ನಿಂತ ಹಾಗಾಯಿತು, ಕನಸಿನಲ್ಲಿ ಕಂಡದ್ದೇ ಮರುದಿನ ನಡೆಯಿತು ಎಂದು ಹೇಳಿದರೆ ಅಡ್ಡ ಮಾತಾಡದೆ ಕೇಳುತ್ತೇನೆ, ಇನ್ನೊಂದು ಲೋಟ ಕಷಾಯ ಕೊಡುತ್ತೇನೆ, ಅವರು ಹೋದ ಮೇಲೆ ಮರೆತುಬಿಡುತ್ತೇನೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಹಾಸ್ಟೆಲಿನ ಹಿಂದಿನ ಕೋಣೆಯಲ್ಲಿ ಯಾರೋ ಬಾಗಿಲು ತಟ್ಟುತ್ತಾರೆಂದು ನಾವು ಹುಡುಗಿಯರೆಲ್ಲ ಹೆದರಿ ಒಂದೇ ಮಂಚದ ಮೇಲೆ ಮುದುಡಿ ಕೂತಿದ್ದಾಗ ಸಿಸ್ಟರ್ ಒಬ್ಬರು ಬಂದು, ನಮ್ಮನ್ನೆಲ್ಲ ಕೈಹಿಡಿದು ಆ ಕೋಣೆಗೇ ಕರೆದುಕೊಂಡು ಹೋದರು. ಕಿಟಕಿಯ ಕೊಂಡಿಯೊಂದು ಸಡಿಲವಾಗಿತ್ತು. ಗಾಳಿ ಬಂದಾಗ ಅದು ಚೌಕಟ್ಟಿಗೆ ಬಡಿಯುತ್ತಿತ್ತು. ಅಷ್ಟೇ. ಅಂದಿನಿಂದ ಯಾವ ವಿಚಿತ್ರ ಕೇಳಿದರೂ ನನ್ನ ಮನಸ್ಸು ಮೊದಲು ಸಡಿಲ ಕೊಂಡಿಯನ್ನೇ ಹುಡುಕುತ್ತದೆ.

ಆದರೆ ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯ ಮಧ್ಯಾಹ್ನ, ಶಿರಸಿಯ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಕೊಂಡಿ ಎಲ್ಲಿದೆಯೆಂದು ನನಗೆ ಇನ್ನೂ ಗೊತ್ತಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ಕಂಡರೆ ಕಾಣಲಿ.

ನಮ್ಮನೆಯವರದು ವಿಡಿಯೋ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಹೋಗಿ ಚಿತ್ರೀಕರಣ ಮಾಡಿಕೊಂಡು ಬರುತ್ತಾರೆ. ಮನೆಯ ರಸ್ತೆ ಬದಿಯ ಕೋಣೆಯೇ ಅವರ ಸ್ಟುಡಿಯೋ. ಒಂದು ಮದುವೆಯನ್ನು ಕತ್ತರಿಸಿ, ಜೋಡಿಸಿ, ಹಿನ್ನೆಲೆಗೆ ವಾದ್ಯ ಹಾಕಿ, ಹೆಸರು ಬರೆದು ಮುಗಿಸಿದ ಮೇಲೆ ಕಂಪ್ಯೂಟರ್ ಅದನ್ನೆಲ್ಲ ಸೇರಿಸಿ ಒಂದೇ ಸಿನಿಮಾ ಮಾಡಿಕೊಡಬೇಕು. ಅದಕ್ಕೆ ಅವರು ‘ರೆಂಡರ್‌ಗೆ ಹಾಕುವುದು’ ಅನ್ನುತ್ತಾರೆ. ಒಮ್ಮೆ ಹಾಕಿದರೆ ತಾಸುಗಟ್ಟಲೆ. ತೆರೆಯ ಮೇಲೆ ಒಂದು ನೀಲಿ ಪಟ್ಟಿ ಇರುವೆಯ ಹಾಗೆ ಬಲಕ್ಕೆ ಸರಿಯುತ್ತಿರುತ್ತದೆ. ನಡುವೆ ಮುಟ್ಟುವಂತಿಲ್ಲ, ಅವಸರ ಮಾಡುವಂತಿಲ್ಲ. ನನಗೆ ಅದು ಸಣ್ಣ ಉರಿಯಲ್ಲಿ ಹಲ್ವ ಕಾಯಿಸಿದ ಹಾಗೆ ಕಾಣುತ್ತಿತ್ತು. ವ್ಯತ್ಯಾಸ ಇಷ್ಟೇ, ಹಲ್ವ ಆಯಿತೆಂದು ಪರಿಮಳವೇ ಹೇಳುತ್ತದೆ. ಕಂಪ್ಯೂಟರ್ ಏನೂ ಹೇಳುತ್ತಿರಲಿಲ್ಲ. ಪಾಪ, ಇವರು ಊಟದ ನಡುವೆ ಎಂಜಲು ಕೈಯಲ್ಲೇ ಎದ್ದು ಹೋಗಿ ಇಣುಕಿ ಬರುತ್ತಿದ್ದರು. ಹೊರಗೆ ಹೋದರೆ ಫೋನು ಮಾಡಿ ನನ್ನನ್ನು ಇಣುಕಲು ಕಳಿಸುತ್ತಿದ್ದರು. ನೀಲಿ ಪಟ್ಟಿ ನೋಡುತ್ತ ನಿಂತು ನಾನು ಹಾಲು ಉಕ್ಕಿಸಿದ್ದು ಎಷ್ಟು ಸಲವೋ.

ಕೊನೆಗೆ ಅವರೇ ಒಂದು ಉಪಾಯ ಮಾಡಿದರು. ರೆಂಡರ್ ಮುಗಿದ ಕೂಡಲೇ ತೆರೆಯ ಬಲಮೂಲೆಯಿಂದ ಒಂದು ಪುಟ್ಟ ಚೀಟಿ ಜಾರಿ ಮೇಲೆ ಬರುವ ಹಾಗೆ, ಜೊತೆಗೆ ಒಂದು ಸದ್ದು ಆಗುವ ಹಾಗೆ. ಚೀಟಿಯಲ್ಲಿ ‘ಕೆಲಸ ಮುಗಿದಿದೆ’ ಎಂದು ಕನ್ನಡದಲ್ಲೇ ಬರೆದರು. ಕಂಪ್ಯೂಟರಿನದೇ ಆದ ‘ಟಿಂಗ್’ ಸದ್ದು ಅಡುಗೆಮನೆಗೆ ಕೇಳುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಅವರು ಹುಡುಕಿ ಹಾಕಿದ್ದು ಅತ್ತೆಯ ಕೂವನ್ನು.

ಈ ಕೂ ಎಂದರೇನೆಂದು ಸ್ವಲ್ಪ ಹೇಳಬೇಕು. ಅತ್ತೆ ಬಾಳಿದ್ದು ವಾನಳ್ಳಿಯಲ್ಲಿ. ಮನೆಯ ಅಂಗಳದಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ‘ಕೂ…’ ಎಂದರೆ ಕೆಳಗೆ ತೋಟದಲ್ಲಿದ್ದ ಮಾವನವರಿಗೆ ಊಟಕ್ಕೆ ಎಲೆ ಹಾಕಿದೆ ಎಂದು ಗೊತ್ತಾಗುತ್ತಿತ್ತು. ಅವರು ಅಲ್ಲಿಂದಲೇ ‘ಓ’ ಎಂದು ಓಗೊಡುತ್ತಿದ್ದರು. ಓಗೊಡದಿದ್ದರೆ ಏನೋ ಆಗಿದೆಯೆಂದು ಮನೆಯವರು ಓಡಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಕೂ ಹಾಕುವವರು ಒಂದು ಹಾಕಿ ಬಿಡಬಾರದು, ಎರಡು ಹಾಕಬೇಕು. ಕೇಳುವವರು ಮೊದಲನೆಯದಕ್ಕೆ ಓಗೊಡಬಾರದು, ಎರಡನೆಯದಕ್ಕೆ ಕಾಯಬೇಕು. ಒಂದೇ ಸಲ ಕರೆಯುವುದು ಮನುಷ್ಯರಲ್ಲವಂತೆ. ಅತ್ತೆಯ ಎರಡನೆಯ ಕೂ ಮೊದಲಿನದಕ್ಕಿಂತ ತುಸು ತಗ್ಗಿನ ದನಿಯಲ್ಲಿ, ಆದರೆ ಉದ್ದಕ್ಕೆ ಹೋಗಿ, ಕೊನೆಗೆ ಇಳಿಜಾರಿನಲ್ಲಿ ಇಳಿದಂತೆ ಮೆಲ್ಲಗೆ ನಿಲ್ಲುತ್ತಿತ್ತು.

ಮಾವನವರು ಹೋದ ಮೇಲೆ ಅತ್ತೆ ನಮ್ಮ ಜೊತೆ ಪೇಟೆಗೆ ಬಂದರು. ಇಲ್ಲಿ ಯಾರಿಗೆ ಕೂ ಹಾಕುವುದು? ಇವರು ಮೈಕು ಹಿಡಿದು, “ಆಯಿ, ಒಂದು ಸಲ ಹಾಕು” ಎಂದು ಗೋಗರೆದರೂ ಅತ್ತೆ ಒಪ್ಪಲಿಲ್ಲ.

“ಸುಮ್ಸುಮ್ನೆ ಕೂ ಹಾಕ್ಲಾಗ. ಯಾರಾದ್ರೂ ಓಡಿ ಬಂದ್ರೆ ಎಂತ ಹೇಳ್ತೆ? ಈ ಕಂಪ್ಯೂಟರ್ ಪೆಟ್ಟಿಗೇದು ಅಡುಗೆ ಆತು ಹೇಳಿ ಕರದಿದ್ದಿ ಅಂತಿಯ?”

ಅದಕ್ಕೇ ಇವರು ವಾನಳ್ಳಿಯಲ್ಲಿ ಭಾವನ ಮಗನ ಉಪನಯನದ ದಿನ ತೆಗೆದ ಹಳೆಯ ವಿಡಿಯೋ ಹುಡುಕಿದರು. ಅದರಲ್ಲಿ ಅತ್ತೆ ಅಂಗಳದ ತುದಿಯಲ್ಲಿ ನಿಂತು ಕೆಳಗಿದ್ದವರನ್ನು ಊಟಕ್ಕೆ ಕರೆಯುವುದು ಇತ್ತು. ಮೊದಲನೆಯ ಕೂ ಸ್ವಚ್ಛವಾಗಿತ್ತು. ಎರಡನೆಯದರ ಮೇಲೆ ಸರಿಯಾಗಿ ಭಾವನ ಸ್ಕೂಟರ್ ಹಾರ್ನ್ ಬಿದ್ದಿತ್ತು. ಇವರು ಮೊದಲನೆಯದನ್ನಷ್ಟೇ ಕತ್ತರಿಸಿ ತೆಗೆದು ಕಂಪ್ಯೂಟರಿಗೆ ಹಾಕಿದರು.

ಮೊದಲ ದಿನ ರೆಂಡರ್ ಮುಗಿದು ‘ಕೂ…’ ಎಂದಾಗ ನಾನು ಲಟ್ಟಣಿಗೆ ಹಿಡಿದುಕೊಂಡೇ ಓಡಿದೆ. ಇವರು ಚಪ್ಪಾಳೆ ತಟ್ಟಿ ನಕ್ಕರು. ಅತ್ತೆ ಮಾತ್ರ ತಮ್ಮ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತ, ಇನ್ನೊಂದು ಬರುತ್ತದೆಂದು ಕಿವಿಗೊಟ್ಟು ಕಾದರು. ಬರಲಿಲ್ಲ.

“ಇನ್ನೊಂದು ಎಲ್ಲಿ ಹೋತು?” ಎಂದು ಕೇಳಿದರು.

“ಅದ್ರಲ್ಲಿ ಅಣ್ಣನ ಹಾರ್ನ್ ಬಂಜು ಆಯಿ. ಒಂದೇ ಸಾಕು.”

“ಒಂದೇ ಕೂ ಹಾಕಿರೆ ಕರದಂಗೆ ಆಗ್ತಿಲ್ಲೆ. ಯನ್ನ ದನೀಲಿ ಭೂತ ಕೂತ್ಗಂಡು ಕರದಂಗೆ ಆಗ್ತು.”

“ಅದು ಕಂಪ್ಯೂಟರ್ ಮಾರಾಯ್ತಿ, ಭೂತ ಅಲ್ಲ!”

“ಯಂಗೆ ಗೊತ್ತಿದ್ದು. ಆದ್ರೆ ಕೂವಿಗೆ ಗೊತ್ತಿಲ್ಲೆ” ಎಂದು ಅತ್ತೆ ಮತ್ತೆ ಬತ್ತಿ ಹೊಸೆಯತೊಡಗಿದರು.

ಅವರು ಕಂಪ್ಯೂಟರಿನ ಮೇಲೆ ಸಿಟ್ಟು ಮಾಡಿಕೊಂಡಿದ್ದರು ಎಂದುಕೊಳ್ಳಬೇಡಿ. ಅದರ ಮೇಲೆ ಅವರಿಗೆ ಬಹಳ ಮಮತೆ. ಬೇಸಿಗೆಯಲ್ಲಿ ರೆಂಡರ್ ನಡೆಯುವಾಗ ಪೆಟ್ಟಿಗೆ ಮುಟ್ಟಿ ನೋಡಿ, “ಪಾಪ, ಜ್ವರ ಬಂದಂಗೆ ಬಿಸಿ ಆಜು, ಫ್ಯಾನ್ ಹಾಕೇ ಕೂಸೇ” ಎನ್ನುತ್ತಿದ್ದರು. ನನ್ನನ್ನು ಅವರು ಕರೆಯುವುದೇ ಕೂಸೇ ಎಂದು. ಆದರೂ ಆ ಒಂಟಿ ಕೂ ಬಂದಾಗಲೆಲ್ಲ ಅವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಕಾಯುತ್ತಿದ್ದರು. ಆಮೇಲೆ ತಲೆ ಅಲ್ಲಾಡಿಸಿ ಮುಂದುವರಿಸುತ್ತಿದ್ದರು. ನನಗೆ ಅದನ್ನು ನೋಡುವಾಗ ಏನೋ ಒಂದು ಥರ ಆಗುತ್ತಿತ್ತು. ಎಷ್ಟೋ ವರ್ಷ ಓಗೊಡುವವರು ಇದ್ದ ಕರೆ ಅದು.

ನನಗಂತೂ ಕೂ ಹಾಕಲೂ ಬರುತ್ತಿರಲಿಲ್ಲ, ಓಗೊಡಲೂ ಬರುತ್ತಿರಲಿಲ್ಲ. ನಾನು ಸಿದ್ದಾಪುರ ಪೇಟೆಯಲ್ಲಿ ಬೆಳೆದವಳು. ದೂರದಿಂದ ಕೂಗಬಾರದು, ಹತ್ತಿರ ಹೋಗಿ ಮೆಲ್ಲಗೆ ಮಾತಾಡಬೇಕು ಎಂದು ಸಿಸ್ಟರುಗಳು ಕಲಿಸಿದ್ದು ಹಾಗೇ ನಾಲಿಗೆಗೆ ಅಂಟಿಬಿಟ್ಟಿತ್ತು. ಅತ್ತೆ ಕೋಣೆಯಿಂದ ಕರೆದರೆ ನಾನು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಅವರ ಎದುರಿಗೆ ಹೋಗಿ ನಿಂತು “ಎಂತ ಅತ್ತೆ?” ಎನ್ನುವಷ್ಟರಲ್ಲಿ ಅವರು ಮತ್ತೆರಡು ಸಲ ಕರೆದಾಗಿರುತ್ತಿತ್ತು. “ಕಾನ್ವೆಂಟು ಎಲ್ಲ ಕಲಿಸ್ಚು, ಗಂಟ್ಲು ಒಂದು ಕೊಟ್ಟಿದ್ದಿಲ್ಲೆ” ಎಂದು ಬಂದವರೆದುರೆಲ್ಲ ಹೇಳಿ ನಗುತ್ತಿದ್ದರು.

ಆ ದಿನ ಇವರು ಬೆಳಿಗ್ಗೆಯೇ ಮಾಗೋಡಿಗೆ ಹೋಗಿದ್ದರು, ಮದುವೆಗೆ ಮುಂಚೆ ಹುಡುಗ ಹುಡುಗಿಯ ಚಿತ್ರ ತೆಗೆಯಲು. ಹೋಗುವ ಮುಂಚೆ ನಂದೊಳ್ಳಿಯ ಒಂದು ಮದುವೆಯನ್ನು ರೆಂಡರ್‌ಗೆ ಹಾಕಿದ್ದರು. ಸಂಜೆ ಆ ಮನೆಯವರು ಬಂದು ಒಯ್ಯುವವರಿದ್ದರು. “ಕೂ ಬಂದ ಕೂಡ್ಲೆ ಯಂಗೆ ಒಂದು ಮೆಸೇಜ್ ಹಾಕು” ಎಂದು ಹೇಳಿ ಹೋದರು.

ಅದು ಹಲಸಿನ ಹಪ್ಪಳದ ಕಾಲ. ಹಿಂದಿನ ದಿನ ಅತ್ತೆ ನಾನು ಸೇರಿ ಒತ್ತಿದ ಹಪ್ಪಳ ತಾರಸಿಯ ಮೇಲೆ ಚಾಪೆಯಲ್ಲಿ ಒಣಗುತ್ತಿತ್ತು. ತಾರಸಿಗೆ ಹೋಗುವ ಮೆಟ್ಟಿಲು ಮನೆಯ ಹಿಂಬದಿ ಹೊರಗಡೆ ಇದೆ. ಮಂಡಿನೋವು ಜಾಸ್ತಿಯಾದ ಮೇಲೆ ಅತ್ತೆ ಆ ಮೆಟ್ಟಿಲು ಹತ್ತಬಾರದೆಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಊಟ ಮುಗಿಸಿ ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮಲಗಿದರು ಎಂದುಕೊಂಡೆ. ಪಾತ್ರೆ ತೊಳೆದು, ಸೀರೆ ಬದಲಿಸಿ, ದರ್ಜಿಯ ಹತ್ತಿರ ಹೋಗಿ ಅಲ್ಲಿಂದ ಹಾಗೇ ಪೇಟೆ ಕೆಲಸ ಮುಗಿಸಿ ಬಿಸಿಲು ಇಳಿದ ಮೇಲೆ ಬರೋಣವೆಂದು ಹೊರಟೆ. ರೆಂಡರ್ ಮುಗಿಯಲು ಇನ್ನೂ ಬಹಳ ಹೊತ್ತಿತ್ತು.

ಜಗುಲಿಯಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಹಾಕಲು ಕಂಬ ಹಿಡಿದುಕೊಂಡಿದ್ದೆ. ಕೊಡೆ ಕಂಕುಳಲ್ಲಿತ್ತು. ಆಗ ಸ್ಟುಡಿಯೋ ಕೋಣೆಯಿಂದ ‘ಕೂ…’ ಎಂದು ಕೇಳಿತು.

ಇಷ್ಟು ಬೇಗ ಮುಗಿಯಿತೇ ಎಂದು ಆಶ್ಚರ್ಯವಾಯಿತು, ಬೇರೇನೂ ಅನ್ನಿಸಲಿಲ್ಲ. ಚಪ್ಪಲಿ ಕಳಚಿ ಒಳಗೆ ಕಾಲಿಟ್ಟೆ. ಹೊಸ್ತಿಲು ದಾಟುತ್ತಿದ್ದಂತೆ ಇನ್ನೊಂದು ಕೂ ಬಂತು. ತುಸು ತಗ್ಗಿನ ದನಿ. ಉದ್ದಕ್ಕೆ ಹೋಗಿ, ಇಳಿಜಾರಿನಲ್ಲಿ ಇಳಿದ ಹಾಗೆ ಮೆಲ್ಲಗೆ ನಿಂತದ್ದು. ಹಾರ್ನ್ ಇರಲಿಲ್ಲ. ಏನೂ ಇರಲಿಲ್ಲ. ಅಷ್ಟು ಸ್ವಚ್ಛವಾದ ಎರಡನೆಯ ಕೂ.

ಮುಂದಿನದನ್ನು ಹೇಳಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ. ನಾನು ಓಗೊಟ್ಟೆ. ಯೋಚಿಸಿ ಕೊಟ್ಟದ್ದಲ್ಲ. ಹೊಟ್ಟೆಯ ಬುಡದಿಂದ ‘ಓ…’ ಎಂದು ಎಷ್ಟು ದೊಡ್ಡದಾಗಿ ಬಂತೆಂದರೆ ನನ್ನ ದನಿಗೆ ನಾನೇ ಬೆಚ್ಚಿ ಕೊಡೆ ಬೀಳಿಸಿದೆ. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಬಾಯಿ ತೆರೆದದ್ದಿಲ್ಲ.

ಕೋಣೆಗೆ ಹೋಗಿ ನೋಡಿದರೆ ನೀಲಿ ಪಟ್ಟಿ ಅರ್ಧಕ್ಕಿಂತ ತುಸು ಮುಂದೆ ಬಂದು ತನ್ನ ಪಾಡಿಗೆ ತೆವಳುತ್ತಿತ್ತು. ಮೂಲೆಯಲ್ಲಿ ಚೀಟಿ ಇರಲಿಲ್ಲ. ಕೆಲಸ ಮುಗಿದಿರಲಿಲ್ಲ. ತೆರೆಯ ಮೇಲೆ ನಂದೊಳ್ಳಿಯ ಮದುಮಗಳು ತಲೆ ತಗ್ಗಿಸಿ ನಿಂತೇ ಇದ್ದಳು.

ಹೆದರಿಕೆ ಆಯಿತೇ ಎಂದು ಕೇಳಿದರೆ, ಆಗ ಇಲ್ಲ. ನಿಜ ಹೇಳಬೇಕೆಂದರೆ ನಗು ಬಂತು. ಇವರು ನನಗೆ ಹೇಳದೆ ಎರಡನೆಯದನ್ನೂ ಸರಿಮಾಡಿ ಹಾಕಿದ್ದಾರೆ, ಯಂತ್ರ ಎಲ್ಲೋ ತಪ್ಪಿ ಈಗಲೇ ಕೂಗಿದೆ ಎಂದುಕೊಂಡೆ. ಅತ್ತೆ ಇಷ್ಟು ದಿನ ಹಟ ಹಿಡಿದು ಕೇಳಿದ್ದು ಆಗಿಯೇಬಿಟ್ಟಿತಲ್ಲ, ಮೊದಲು ಅವರಿಗೆ ಹೇಳಬೇಕೆನ್ನಿಸಿತು. ನಾನು ಓಗೊಟ್ಟದ್ದನ್ನು ಕೇಳಿದರೋ ಇಲ್ಲವೋ ಎಂದೂ ಕೇಳಬೇಕಿತ್ತು. ನಗುತ್ತಲೇ ಅವರ ಕೋಣೆಯ ಬಾಗಿಲು ತಳ್ಳಿದೆ.

ಮಂಚ ಖಾಲಿ. ಹೊದಿಕೆ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಬಚ್ಚಲಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ. ಹಿಂಬಾಗಿಲ ಚಿಲಕ ತೆಗೆದಿತ್ತು, ಅವರ ನೀಲಿ ಹವಾಯಿ ಚಪ್ಪಲಿ ಅಲ್ಲಿರಲಿಲ್ಲ. ಆಗ ನನ್ನ ನಗು ನಿಂತಿತು.

ತಾರಸಿ ಕೆಂಡದ ಹಾಗೆ ಕಾದಿತ್ತು. ಹಪ್ಪಳದ ಚಾಪೆ ಅರ್ಧ ಮಗುಚಿತ್ತು. ಅತ್ತೆ ನೀರಿನ ಟ್ಯಾಂಕಿಗೂ ಗೋಡೆಗೂ ನಡುವೆ ಒಂದು ಕಾಲು ಮಡಚಿ ಬಿದ್ದಿದ್ದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ತುಟಿ ಬಿಳಿಚಿಕೊಂಡು ಒಡೆದಿತ್ತು. ನನ್ನನ್ನು ನೋಡಿ ಕೈ ಎತ್ತಿದರು, ಮಾತು ಬರಲಿಲ್ಲ. ಕೈಯಲ್ಲಿ ಇನ್ನೂ ಒಂದು ಹಪ್ಪಳ ಇತ್ತು.

ನಾನು ಕೆಳಗೋಡಿ ನೀರು ತಂದು ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಪಕ್ಕದ ಮನೆಯ ಶಾರದಕ್ಕ ಹಾನಗಲ್ ಕಡೆಯವರು, ಗಟ್ಟಿಗಿತ್ತಿ. ನಾನು ಕರೆಯುವ ಮುಂಚೆಯೇ ಅವರು ನಮ್ಮ ಹಿತ್ತಿಲ ಗೇಟಿನಲ್ಲಿದ್ದರು. “ತಡೀರಿ, ಒಬ್ರೇ ಎತ್ತಬ್ಯಾಡ್ರಿ, ಬಂದೆ” ಎನ್ನುತ್ತ ರಸ್ತೆಗೆ ಹೋಗಿ ಒಂದು ಆಟೋ ನಿಲ್ಲಿಸಿ, ಚಾಲಕನನ್ನೂ ಕರೆತಂದರು. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂವರೂ ಹಿಡಿದು ಮೆಟ್ಟಿಲು ಇಳಿಸಿದೆವು. ಆಸ್ಪತ್ರೆಯಲ್ಲಿ ಪಾದದ ಮೂಳೆ ಬಿರುಕು ಬಿಟ್ಟಿದೆಯೆಂದರು. ಅದು ಕೂಡುತ್ತದೆ, ಆದರೆ ಈ ವಯಸ್ಸಿನಲ್ಲಿ ಆ ಬಿಸಿಲಿನಲ್ಲಿ ಸಂಜೆಯವರೆಗೆ ಬಿದ್ದಿದ್ದರೆ ನಾವು ಮಾತಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಸಂಜೆಯವರೆಗೆ ನಾನು ಪೇಟೆಯಲ್ಲಿರುತ್ತಿದ್ದೆ. ಆ ಮಾತು ಕೇಳಿದ ಮೇಲೆ ನಾನು ಅಲ್ಲೇ ಬೆಂಚಿನ ಮೇಲೆ ಕೂತೆ.

ಗ್ಲೂಕೋಸ್ ಹೋಗಿ ಸ್ವಲ್ಪ ಚೇತರಿಸಿದ ಮೇಲೆ ನಾನು ಅತ್ತೆಯ ಹಣೆ ಸವರುತ್ತ, ಎರಡು ಕೂ ಹಾಕಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಎಂದೆ. ಅಷ್ಟರಲ್ಲಿ ನನ್ನ ಮನಸ್ಸು ಕೊಂಡಿ ಹುಡುಕಿಯಾಗಿತ್ತು. ಕೂಗಿದ್ದು ಅತ್ತೆಯೇ, ಕೋಣೆಯಿಂದ ಬಂದ ಹಾಗೆ ಕೇಳಿದ್ದು ನನ್ನ ಕಿವಿಯ ತಪ್ಪು.

ಅತ್ತೆ ನನ್ನ ಮುಖವನ್ನೇ ನೋಡಿದರು.

“ಆನು ಕೂ ಹಾಕಿದ್ನಿಲ್ಲೆ ಕೂಸೇ.”

“ಮತ್ತೆ?”

“ಮೊದ್ಲು ಸುಮ್ನೆ ಬಿದ್ಕಂಡಿದ್ದಿ. ಮೆಟ್ಲು ಹತ್ತಲಾಗ ಹೇಳಿದ್ದೆ ನೀನು. ಕರದ್ರೆ ಬೈತೆ ಹೇಳಿ ಹೆದ್ರಿಕೆ. ಆಮೇಲೆ ಕರೆಯನ ಹೇಳಿ ನೋಡಿರೆ ಗಂಟ್ಲಿಂದ ಗಾಳಿ ಬಿಟ್ರೆ ಎಂತದೂ ಬಂಜಿಲ್ಲೆ.” ಒಂದು ಗುಟುಕು ನೀರು ಕುಡಿದು ಮತ್ತೆ ಹೇಳಿದರು. “ಆದ್ರೆ ನೀ ಓಗೊಟ್ಟಿದ್ದು ಕೇಳ್ತು. ಆನು ಕರದ್ದೇ ಇಲ್ಲೆ, ಈ ಕೂಸು ಎಂತಕ್ಕೆ ಓ ಅಂತು ಹೇಳಿ ಅಂದ್ಕಂಡಿ. ಹೆದ್ರಿಕೆ ಮಾತ್ರ ಹೋತು. ಓಗೊಟ್ಟವು ಬಪ್ಪದೇ ಅಲ್ದ?”

ಮರುದಿನ ಶಾರದಕ್ಕನನ್ನು ಕೇಳಿದೆ. ನಮ್ಮ ಹಿತ್ತಿಲಿಗೆ ಹೇಗೆ ಓಡಿಬಂದಿರಿ, ಕೂ ಕೇಳಿತೇ ಎಂದು. ಅವರು ತಲೆಯಾಡಿಸಿದರು. “ಕೂ ಗೀ ಏನೂ ಕೇಳಿಲ್ರಿ. ನೀವು ಒದರಿದ್ದು ಕೇಳ್ತು ನೋಡ್ರಿ. ಇಷ್ಟು ವರ್ಷದಾಗ ನಿಮ್ಮ ದನಿ ನಾ ಕೇಳಿದ್ದೇ ನಿನ್ನಿ. ಏನೋ ಆಗೇತಿ ಅಂತ ಓಡಿ ಬಂದೆ.”

ಇವರು ಮಾಗೋಡಿನಿಂದ ನೇರ ಆಸ್ಪತ್ರೆಗೆ ಬಂದಿದ್ದರು. ಅತ್ತೆಯನ್ನು ಮನೆಗೆ ಕರೆತಂದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಎಲ್ಲ ತೆಗೆದು ನೋಡಿದರು. ಎರಡನೆಯ ಕೂವನ್ನು ಅವರು ಹಾಕಿರಲೇ ಇಲ್ಲ. ಹಳೆಯ ವಿಡಿಯೋದಲ್ಲಿ ಅದು ಹಾರ್ನಿನ ಜೊತೆಗೇ ಇತ್ತು, ಬೇರೆ ಮಾಡಲು ಬರುವಂತಿರಲಿಲ್ಲ. ಬಂದ ಚೀಟಿಗಳೆಲ್ಲ ಕಂಪ್ಯೂಟರಿನಲ್ಲಿ ಒಂದು ಕಡೆ ಉಳಿದಿರುತ್ತವಂತೆ. ಅಲ್ಲಿ ಆ ದಿನದ್ದು ಒಂದೇ ಇತ್ತು, ನಾವೆಲ್ಲ ಆಸ್ಪತ್ರೆಯಲ್ಲಿದ್ದಾಗ ನಂದೊಳ್ಳಿಯ ಮದುವೆ ನಿಜವಾಗಿ ಮುಗಿದದ್ದು. ಅದಕ್ಕಿಂತ ಹೆಚ್ಚಿಗೆ, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಅವರು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನ ವಯರನ್ನು ಕಿತ್ತಿರಲಿಲ್ಲ. ಅದು ಸಿಕ್ಕಿಸಿಯೇ ಇತ್ತು. ಹಾಗಿದ್ದಾಗ ಸ್ಪೀಕರಿನಿಂದ ಯಾವ ಸದ್ದೂ ಹೊರಗೆ ಬರುವುದಿಲ್ಲ. ಇವರು ಆ ವಯರನ್ನು ಕಿತ್ತು, ಮತ್ತೆ ಸಿಕ್ಕಿಸಿ, ಎರಡೆರಡು ಸಲ ಪರೀಕ್ಷಿಸಿದರು.

“ಕೋಗಿಲೆ ಇರ್ಲಕ್ಕು” ಎಂದರು ಕೊನೆಗೆ. “ಈಗ ಅದ್ರದ್ದೇ ಕಾಲ.”

ಮಂಚದ ಮೇಲಿದ್ದ ಅತ್ತೆಗೆ ಕಾಲಿನ ಪಟ್ಟಿಯ ನೋವಿನಲ್ಲೂ ನಗು ಬಂತು. “ಕೋಗಿಲೆ ದನಿ ಮೇಲೆ ಹತ್ತತ್ತು, ಯಂದು ಕೆಳಗೆ ಇಳಿತ್ತು. ಅಷ್ಟು ಗೊತ್ತಾಗ್ತಿಲ್ಯ ನಿಂಗೆ? ಊರವ್ರ ಮದ್ವೆಗೆಲ್ಲ ವಾದ್ಯ ಕೂಡಿಸ್ತೆ!”

ಕೋಗಿಲೆ ಅಲ್ಲ. ಅದನ್ನು ನಾನೂ ಬಲ್ಲೆ. ನನ್ನ ಮನಸ್ಸೇ ಹುಟ್ಟಿಸಿಕೊಂಡದ್ದು ಎಂದು ನನ್ನ ಅಕ್ಕ ಫೋನಿನಲ್ಲಿ ಹೇಳಿದಳು. ಅತ್ತೆ ಕಾಣುತ್ತಿಲ್ಲವೆಂದು ಒಳಗೆಲ್ಲೋ ನನಗೆ ಹೊಳೆದಿರಬೇಕಂತೆ. ಇರಬಹುದು. ಆದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿದ್ದದ್ದು ದರ್ಜಿ ರವಿಕೆಯ ತೋಳು ಬಿಗಿ ಮಾಡಿದ್ದಾನೋ ಏನೋ ಎಂಬ ಚಿಂತೆ ಮಾತ್ರ. ಅತ್ತೆ ಕರೆಯಲಿಲ್ಲ, ಕಂಪ್ಯೂಟರ್ ಕರೆಯಲಿಲ್ಲ, ಪಕ್ಕದ ಮನೆಯವರಿಗೆ ಕೇಳಲಿಲ್ಲ. ನಾನು ಓಗೊಟ್ಟದ್ದು ಮಾತ್ರ ಎಲ್ಲರಿಗೂ ಕೇಳಿತ್ತು. ಹಾಗಾದರೆ ನಾನು ಓಗೊಟ್ಟದ್ದು ಯಾರಿಗೆ?

ಅತ್ತೆಯ ಕಾಲು ಕೂಡಿತು. ಕೋಲು ಹಿಡಿದು ಮನೆ ತುಂಬ ಓಡಾಡುತ್ತಾರೆ. ಹಪ್ಪಳ ಈಗ ಅಂಗಳದಲ್ಲಿ ಒಣಗುತ್ತದೆ, ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಕಾಗೆ ಓಡಿಸುತ್ತಾರೆ. ಅವರು ಮಂಚ ಬಿಟ್ಟು ಎದ್ದ ದಿನವೇ ಇವರು, ಏನನ್ನಿಸಿತೋ, ಮೈಕು ಹಿಡಿದುಕೊಂಡು ಬಂದರು. “ಆಯಿ, ಹೊಸದಾಗಿ ಎರಡೂ ಹಾಕ್ಬುಡು. ಸರಿಯಾಗಿ ಸೇರಿಸ್ತೆ. ಇನ್ನು ಒಂದೇ ಕೂ ಬ್ಯಾಡ.”

ಇಷ್ಟು ದಿನ ಎರಡನೆಯ ಕೂ ಬೇಕೆಂದೇ ಜಗಳವಾಡಿದ್ದ ಅತ್ತೆ ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಬ್ಯಾಡ. ಪೆಟ್ಟಿಗೆಗೆ ಒಂದೇ ಸಾಕು. ಎರಡ್ನೇದು ಬೇಕಾದಾಗ ಬತ್ತು.”

ಹಾಗಾಗಿ ನಮ್ಮ ಕಂಪ್ಯೂಟರ್ ಈಗಲೂ ಕೆಲಸ ಮುಗಿದಾಗ ಒಂದೇ ಕೂ ಹಾಕುತ್ತದೆ. ಚೀಟಿ ಜಾರಿ ಮೇಲೆ ಬರುತ್ತದೆ, ಇವರು ಎದ್ದು ಹೋಗುತ್ತಾರೆ. ಅಡುಗೆಮನೆಯಲ್ಲಿ ನನ್ನ ಕೈಯ ಸೌಟು ಒಂದು ಗಳಿಗೆ ಹಾಗೇ ನಿಲ್ಲುತ್ತದೆ. ಕೋಣೆಯಲ್ಲಿ ಅತ್ತೆಯ ಬತ್ತಿ ಹೊಸೆಯುವ ಕೈಯೂ ನಿಂತಿರುತ್ತದೆ ಎಂದು ನನಗೆ ಗೊತ್ತು. ಇಬ್ಬರೂ ಕಿವಿಗೊಟ್ಟು ಕಾಯುತ್ತೇವೆ. ಇನ್ನೊಂದು ಬರುವುದಿಲ್ಲ. ಬಾರದಿದ್ದಕ್ಕೆ ನೆಮ್ಮದಿಯಾಗಿ, ನಾನು ಮತ್ತೆ ಸೌಟು ಆಡಿಸತೊಡಗುತ್ತೇನೆ.